ಸತ್ತದ್ದು ಡಬ್ಬಿಯೋ, ಬೋರ್ಡೋ? ಹಸಿರು ವೈರನ್ನು ಕೇಳಿ!

ಬೆಳಿಗ್ಗೆ ಅಂಗಡಿ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಬಿಲ್ಲು ಹಾಕುವ ಕಂಪ್ಯೂಟರಿನ ಗುಂಡಿ ಒತ್ತಿದರೆ ಉಸಿರೇ ಇಲ್ಲ. ದೀಪವಿಲ್ಲ, ಫ್ಯಾನಿಲ್ಲ. ಎದುರಿಗೆ ಗಿರಾಕಿ ಕಾಯುತ್ತಿದ್ದಾನೆ. ರಿಪೇರಿಯವನನ್ನು ಕರೆಸಿದರೆ, 'ಸಾರ್, ಮದರ್‌ಬೋರ್ಡ್ ಹೋಗಿದೆ' ಅಂತಾನೆ. ಇನ್ನೊಬ್ಬನನ್ನು ಕೇಳಿದರೆ, 'ಏನಿಲ್ಲ ಸಾರ್, ಎಸ್‌ಎಂಪಿಎಸ್ ಸುಟ್ಟಿದೆ' ಅಂತಾನೆ. ಯಾರ ಮಾತು ನಂಬೋದು? ಎರಡರ ಖರ್ಚಿಗೂ ಅಜಗಜಾಂತರ.

ಊರೂರಿನ ಅಂಗಡಿಗಳಲ್ಲಿ ದಿನಬೆಳಗಾದರೆ ನಡೆಯುವ ಕಥೆ ಇದು. ಆದರೆ ಈ ಜಗಳವನ್ನು ತೀರಿಸಲು ಒಂದು ತುಂಡು ವೈರು, ಒಂದು ಮೀಟರು ಸಾಕು. ಬಸ್ಸಿಗೆ ಕಾಯುವಷ್ಟು ಹೊತ್ತಿನಲ್ಲಿ ಮುಗಿಯುವ ಕೆಲಸ.

ಸತ್ತಿಲ್ಲ, ಕಾಯುತ್ತಿದೆ!

ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಹಂಚುವುದೇ ಎಸ್‌ಎಂಪಿಎಸ್ ಡಬ್ಬಿಯ ಕಸುಬು. ಈ ಡಬ್ಬಿಯನ್ನು ಬಿಚ್ಚಿ ಹೊರಗಿಟ್ಟು ಬರೀ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಗರ ಬಡಿದವರ ಹಾಗೆ ಸುಮ್ಮನಿರುತ್ತದೆ. ಎಷ್ಟೋ ಜನ ಇದನ್ನು ನೋಡಿಯೇ 'ಹೋಯ್ತು' ಎಂದು ಗುಜರಿಗೆ ಹಾಕಿಬಿಡುತ್ತಾರೆ. ಹೋಗಿಲ್ಲ ಸ್ವಾಮಿ, ಅಪ್ಪಣೆಗೆ ಕಾಯುತ್ತಿದೆ!

ಮೊದಲು ಹೀಗಿರಲಿಲ್ಲ. ಹಳೆಯ ಎಟಿ ಮಾದರಿಯ ಕಂಪ್ಯೂಟರುಗಳಲ್ಲಿ ಸ್ವಿಚ್ಚಿನ ಮೂಲಕವೇ ಮೇನ್ ಕರೆಂಟು ಹಾಯುತ್ತಿತ್ತು. ಕೆಲಸ ಮುಗಿದ ಮೇಲೆ 'ಇನ್ನು ಆರಿಸಬಹುದು' ಎಂದು ಪರದೆಯ ಮೇಲೆ ಬರಹ ಮೂಡುತ್ತಿತ್ತು, ಸ್ವಿಚ್ಚನ್ನು ಕೈಯಾರೆ ಆರಿಸಬೇಕಿತ್ತು. 1995ರಲ್ಲಿ ಇಂಟೆಲ್ ಕಂಪೆನಿ ಎಟಿಎಕ್ಸ್ ಎಂಬ ಹೊಸ ಕಟ್ಟಳೆ ತಂದಿತು. ಅದರಲ್ಲಿ ಮುಂದಿನ ಗುಂಡಿಗೂ ಮೇನ್ ಕರೆಂಟಿಗೂ ನಂಟಿಲ್ಲ. ಗುಂಡಿ ಒತ್ತಿದ ಸುದ್ದಿ ಮದರ್‌ಬೋರ್ಡಿಗೆ ಹೋಗುತ್ತದೆ. ಬೋರ್ಡು ಒಂದು ಹಸಿರು ವೈರನ್ನು ಸೊನ್ನೆ ವೋಲ್ಟಿಗೆ ಇಳಿಸುತ್ತದೆ. ಆಗ ಡಬ್ಬಿ ಎದ್ದು ಕೂರುತ್ತದೆ. ಬೋರ್ಡು ಹಸಿರು ವೈರನ್ನು ಬಿಟ್ಟರೆ ಡಬ್ಬಿ ಮತ್ತೆ ಮಲಗುತ್ತದೆ. ಇಷ್ಟೇ ಗುಟ್ಟು.

ಎಲ್ಲ ಮಲಗಿರುವಾಗ ಗುಂಡಿಯ ಸುದ್ದಿ ಕೇಳಲು ಬೋರ್ಡಿಗೆ ಕರೆಂಟು ಎಲ್ಲಿಂದ ಅಂತೀರಾ? ಅದಕ್ಕೇ ನೇರಳೆ ವೈರು ಇರೋದು. ಪ್ಲಗ್ಗು ಹಾಕಿದ ಗಳಿಗೆಯಿಂದ ಅದರಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ, ರಾತ್ರಿಯಿಡೀ ಎದ್ದಿರುವ ಕಾವಲುಗಾರನ ಹಾಗೆ.

ಪರೀಕ್ಷೆ ಹೀಗೆ

ಬೋರ್ಡು ಮಾಡುವ ಕೆಲಸವನ್ನು ನಾವೇ ಮಾಡಿದರಾಯ್ತು. ಮೊದಲು ಪ್ಲಗ್ ಕೀಳಿ. ಡಬ್ಬಿಯಿಂದ ಬೋರ್ಡಿಗೆ, ಹಾರ್ಡ್‌ಡಿಸ್ಕಿಗೆ ಹೋಗಿರುವ ಎಲ್ಲ ವೈರುಗಳನ್ನೂ ಬಿಡಿಸಿ. ಒಣಗಿದ ಮರದ ಮೇಜಿನ ಮೇಲೆ ಡಬ್ಬಿ ಇಡಿ. ದೊಡ್ಡ ಕನೆಕ್ಟರಿನಲ್ಲಿ 24 ತೂತು ಇರುತ್ತವೆ, ಹಳೆಯದಾದರೆ 20. ಅದರಲ್ಲಿ ಹಸಿರು ವೈರು ಒಂದೇ ಒಂದು, ಕಪ್ಪು ಬೇಕಾದಷ್ಟು. ತುಂಡು ವೈರಿನ ಒಂದು ತುದಿ ಹಸಿರಿಗೆ, ಇನ್ನೊಂದು ತುದಿ ಯಾವುದಾದರೂ ಕಪ್ಪಿಗೆ. ಇದೆಲ್ಲ ಮುಗಿದ ಮೇಲೆ ಪ್ಲಗ್ ಹಾಕಿ, ಹಿಂದಿನ ಸ್ವಿಚ್ ಒತ್ತಿ. ಫ್ಯಾನು ತಿರುಗಿದರೆ ಜೀವ ಇದೆ ಅಂತ ಅರ್ಥ.

ಕೆಲವು ಹಳೇ ಡಬ್ಬಿಗಳು ಹೊರೆ ಇಲ್ಲದಿದ್ದರೆ ಏಳುವುದೇ ಇಲ್ಲ. ಅಂಥವಕ್ಕೆ ಒಂದು ಹಳೆಯ ಡಿವಿಡಿ ಡ್ರೈವೋ ಹಾರ್ಡ್‌ಡಿಸ್ಕೋ ಸಿಕ್ಕಿಸಿ ನೋಡಬೇಕು. ಇನ್ನು ಕೆಲವು ಹೊಸ ಡಬ್ಬಿಗಳಲ್ಲಿ ಬಿಸಿಯಾಗುವ ತನಕ ಫ್ಯಾನು ತಿರುಗದು. ಅದನ್ನು ನೋಡಿ ಕೆಟ್ಟಿದೆ ಎನ್ನಬಾರದು.

ಫ್ಯಾನು ಸಾಕ್ಷಿ ಅಲ್ಲ

ಜನ ಮೋಸ ಹೋಗುವುದು ಇಲ್ಲೇ. ಫ್ಯಾನು ತಿರುಗಿದ ಮಾತ್ರಕ್ಕೆ ಡಬ್ಬಿ ಗಟ್ಟಿ ಎಂದಲ್ಲ. ಫ್ಯಾನಿಗೆ 12 ವೋಲ್ಟ್ ಸಿಕ್ಕರೆ ಸಾಕು, ಮಿಕ್ಕ ವೈರುಗಳ ಗತಿ ಅದಕ್ಕೇನು ಗೊತ್ತು? ಆದ್ದರಿಂದ ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಅದರ ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ತಾಗಿಸಿ ಒಂದೊಂದೇ ನೋಡಬೇಕು. ಹಳದಿ 11.4ರಿಂದ 12.6ರೊಳಗೆ, ಕೆಂಪು 4.75ರಿಂದ 5.25ರೊಳಗೆ, ಕಿತ್ತಳೆ 3.14ರಿಂದ 3.47ರೊಳಗೆ ಇರಬೇಕು. ಬೂದು ವೈರು 'ಎಲ್ಲ ಸರಿಯಾಗಿದೆ' ಎಂದು ಬೋರ್ಡಿಗೆ ಹೇಳುವ ವೈರು. ಅದರಲ್ಲೂ ಸುಮಾರು 5 ವೋಲ್ಟ್ ಬರಬೇಕು.

ಲೆಕ್ಕ ಸರಿ ಬಂದರೂ ಪೂರ್ತಿ ನಂಬುವ ಹಾಗಿಲ್ಲ. ಖಾಲಿ ಗಾಡಿ ಎಳೆಯುವ ಎತ್ತು ತುಂಬಿದ ಗಾಡಿಗೆ ಮಂಡಿಯೂರಬಹುದು. ಕಡೆಯ ತೀರ್ಪು ಬೇಕಾದರೆ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಜೋಡಿಸಿ ಕಂಪ್ಯೂಟರನ್ನು ನಡೆಸಿಯೇ ನೋಡಬೇಕು. ಅದರಲ್ಲೂ ಏಳದಿದ್ದರೆ ಬೋರ್ಡಿನ ಮೇಲೆ ಗುಮಾನಿ ಪಡಬಹುದು. ಅದಕ್ಕೂ ಮುಂಚೆ ಮುಂದಿನ ಗುಂಡಿಯ ಎರಡು ಸಣ್ಣ ವೈರು ಕಿತ್ತುಹೋಗಿದೆಯೇ ನೋಡಿಸಿ. ಎಷ್ಟೋ ಸಲ ಕಳ್ಳ ಅಲ್ಲೇ ಅಡಗಿರುತ್ತಾನೆ!

ಡಬ್ಬಿ ಬಿಚ್ಚಿದರೆ ಯಮ

ಹಸಿರು ವೈರಿನಲ್ಲಿ ಇರುವುದು ಹೆಚ್ಚೆಂದರೆ 5 ವೋಲ್ಟ್. ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಡಬ್ಬಿಯ ಒಳಗಿನ ಕಥೆ ಬೇರೆ. ಅಲ್ಲಿ 230 ವೋಲ್ಟ್ ಕರೆಂಟು ಡಿಸಿಯಾಗಿ ಸುಮಾರು 325 ವೋಲ್ಟಿಗೆ ಏರಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಉಳಿದಿರಬಹುದು. ಫ್ಯಾನಿಗೆ ಎಣ್ಣೆ ಬಿಡುತ್ತೇನೆ, ಧೂಳು ಹೊಡೆಯುತ್ತೇನೆ ಎಂದು ಸ್ಕ್ರೂ ಬಿಚ್ಚುವವರು ಇದನ್ನು ನೆನಪಿಡಬೇಕು.

ಇನ್ನೂ ಕೆಲವು ಎಚ್ಚರಿಕೆಗಳಿವೆ. ಹಸಿರನ್ನು ಹಳದಿಗೋ ಕೆಂಪಿಗೋ ಮುಟ್ಟಿಸಬೇಡಿ. ಈಚಿನ ಕೆಲವು ಡಬ್ಬಿಗಳಲ್ಲಿ ಎಲ್ಲ ವೈರೂ ಕಪ್ಪೇ. ಬ್ರಾಂಡೆಡ್ ಕಂಪ್ಯೂಟರುಗಳಲ್ಲಿ ಕೆಲವಕ್ಕೆ ವೈರಿನ ಜಾಗವೇ ಬೇರೆ. 2020ರ ಸುಮಾರಿಗೆ ಬಂದ ಇನ್ನೊಂದು ಮಾದರಿಗೆ ಹತ್ತೇ ತೂತು, 12 ವೋಲ್ಟ್ ಮಾತ್ರ. ಅಂಥ ಕಡೆ ಅಂದಾಜಿನ ಮೇಲೆ ವೈರು ಚುಚ್ಚುವುದು ಬೇಡ, ತಿಳಿದವರಿಗೇ ಬಿಡಿ.

ಕೈಯಾರೆ ಮಾಡುವ ಧೈರ್ಯ ಇಲ್ಲವೇ? ಪರವಾಗಿಲ್ಲ. ರಿಪೇರಿಯವನು 'ಬೋರ್ಡು ಹೋಗಿದೆ' ಅಂದಾಗ, 'ಮೊದಲು ಹಸಿರು ಕಪ್ಪು ಜೋಡಿಸಿ ಮೀಟರ್ ಹಿಡಿಯಪ್ಪ, ನೋಡೋಣ' ಅನ್ನಿ. ಕಸುಬು ಗೊತ್ತಿದ್ದವನು ಖುಷಿಯಾಗಿ ತೋರಿಸುತ್ತಾನೆ. ಗೊತ್ತಿಲ್ಲದವನು ಗೊಣಗುತ್ತಾನೆ. ಜೇಬಿಗೆ ಕೈ ಹಾಕುವ ಮುಂಚೆ ಅಷ್ಟು ತಿಳಿದರೂ ಲಾಭವೇ.