ಊರಿನ ಕಥೆಗೆ ಊರೇ ಬಂಡವಾಳ

ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ ಹತ್ತಿರವಾದಂತೆ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಈ ಸಲ ಯಾವ ನಾಟಕ? ಕಲಿಸುವ ಮಾಸ್ತರರು ಯಾರು? ಸ್ತ್ರೀ ಪಾತ್ರಕ್ಕೆ ಯಾರನ್ನು ಕರೆಸುವುದು? ಮನೆ ಮನೆಯಿಂದ ಪಟ್ಟಿ ಎತ್ತಲಾಗುತ್ತದೆ. ಉಳ್ಳವರು ಹೆಚ್ಚು ಕೊಡುತ್ತಾರೆ, ಇಲ್ಲದವರು ಕೈಲಾದಷ್ಟು ಕೊಡುತ್ತಾರೆ. ಹಾರ್ಮೋನಿಯಂ ಮಾಸ್ತರರಿಗೆ ವೀಳ್ಯ ಕೊಟ್ಟು ಮುಂಗಡ ಸಂದಾಯವಾಗುತ್ತದೆ. ಆಟ ಇನ್ನೂ ಆಡಿಯೇ ಇರುವುದಿಲ್ಲ. ಅದು ಚೆನ್ನಾಗಿರುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಆದರೂ ಊರು ನಂಬಿ ದುಡ್ಡು ಹಾಕುತ್ತದೆ.

ಕಲೆಗೆ ಮುಂಗಡ ಕೊಡುವ ಈ ಪದ್ಧತಿಯನ್ನು ಕಿರುಚಿತ್ರಕ್ಕೆ ವಿಸ್ತರಿಸಿದರೆ ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ಬಳಿಚಕ್ರದಂಥ ಹೋಬಳಿ ಊರಿನ ಒಬ್ಬ ಯುವಕನ ಅಥವಾ ಯುವತಿಯ ಕೈಯಲ್ಲಿ ಇಂದು ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್ ಇದೆ. ಹೇಳಲು ಕಥೆಯೂ ಇದೆ. ಇಲ್ಲದಿರುವುದು ಮೂರು ವಾರ ಕೂಲಿ ಬಿಟ್ಟು ಚಿತ್ರೀಕರಣ ಮಾಡುವ ಧೈರ್ಯ. ಧ್ವನಿಗ್ರಹಣಕ್ಕೆ, ಸಂಕಲನಕ್ಕೆ, ತಂಡದ ಊಟಕ್ಕೆ ಬೇಕಾದ ಹಣವೂ ಇಲ್ಲ. ಕಿರುಚಿತ್ರ ಸ್ಪರ್ಧೆಗಳು ಇವೆಯಲ್ಲ ಎಂದು ಕೇಳಬಹುದು. ಸ್ಪರ್ಧೆ ಕೊಡುವುದು ಚಿತ್ರ ಮುಗಿದ ಮೇಲಿನ ಬಹುಮಾನವನ್ನು. ಅನೇಕ ಕಡೆ ಪ್ರವೇಶ ಶುಲ್ಕವನ್ನೂ ನಿರ್ದೇಶಕನೇ ಕಟ್ಟಬೇಕು. ಹೀಗಾಗಿ ಸ್ವಂತ ದುಡ್ಡು ಉಳ್ಳವರು ಮಾತ್ರ ಕಣದಲ್ಲಿ ಉಳಿಯುತ್ತಾರೆ. ಉಳಿದವರ ಚಿತ್ರ ಮನಸ್ಸಿನಲ್ಲೇ ಉಳಿಯುತ್ತದೆ.

2024ರಲ್ಲಿ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರವು ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದದ್ದರಿಂದ ಬೆಳಗೇ ಆಗದ ಜನಪದ ಕಥೆ ಅದು. ಇಂಥ ಕಥೆಗಳು ನಮ್ಮ ಪ್ರತಿ ಹಟ್ಟಿಯಲ್ಲೂ ಇವೆ. ಆದರೆ ಆ ಚಿತ್ರ ಸಾಧ್ಯವಾದದ್ದು ಪುಣೆಯ ಚಲನಚಿತ್ರ ಸಂಸ್ಥೆಯ ಅಭ್ಯಾಸದ ಭಾಗವಾಗಿ, ಆ ಸಾರ್ವಜನಿಕ ಸಂಸ್ಥೆಯ ಆಸರೆಯಲ್ಲಿ ಎಂಬುದನ್ನು ನಾವು ಗಮನಿಸಲಿಲ್ಲ. ಮೊದಲು ಅವಕಾಶ ಬಂತು, ಬಹುಮಾನ ಬಂದದ್ದು ಆಮೇಲೆ. ಪುಣೆಗೆ ಹೋಗಲಾಗದ ಪ್ರತಿಭೆಗೆ ಆ ಮೊದಲ ಅವಕಾಶವನ್ನು ಯಾರು ಕೊಡಬೇಕು?

ದಕ್ಷಿಣ ಕೊರಿಯಾದ ಜಿಯೋಂಜು ರಾಜಧಾನಿಯಲ್ಲ, ಒಂದು ಪ್ರಾಂತೀಯ ನಗರ. ಅಲ್ಲಿನ ಚಿತ್ರೋತ್ಸವ 2000ದಲ್ಲಿ ಆರಂಭವಾದಾಗಲೇ ಒಂದು ನಿಯಮ ಮಾಡಿಕೊಂಡಿತು: ಪ್ರತಿ ವರ್ಷ ಮೂವರು ನಿರ್ದೇಶಕರಿಗೆ ಉತ್ಸವವೇ ಹಣ ಕೊಟ್ಟು ಡಿಜಿಟಲ್ ಕಿರುಚಿತ್ರ ಮಾಡಿಸುವುದು, ಅದರ ಮೊದಲ ಪ್ರದರ್ಶನ ಅಲ್ಲಿಯೇ ನಡೆಸುವುದು. ಮುಂದೆ ಜಗತ್ಪ್ರಸಿದ್ಧರಾದ ಚೀನಾದ ಜಿಯಾ ಝಾಂಗ್‌ಕೆ 2001ರಲ್ಲೇ ಈ ಯೋಜನೆಯಡಿ ಚಿತ್ರ ಮಾಡಿದ್ದರು. ಉತ್ಸವವೆಂದರೆ ಸಿದ್ಧ ಚಿತ್ರಗಳನ್ನು ತಂದು ತೋರಿಸುವುದಷ್ಟೇ ಅಲ್ಲ, ಚಿತ್ರ ಹುಟ್ಟಿಸುವುದೂ ಹೌದು ಎಂಬ ತಿಳಿವಳಿಕೆ ಅಲ್ಲಿತ್ತು.

ಅಷ್ಟು ದೂರ ಹೋಗುವುದೂ ಬೇಡ. ಬೀದರಿನ ಗಡಿಯಾಚೆ, ನಮ್ಮಂತೆಯೇ ನಿಜಾಮರ ಆಳ್ವಿಕೆಯಲ್ಲಿದ್ದ ಜಹೀರಾಬಾದ್ ಸೀಮೆಯ ಪಸ್ತಾಪುರವಿದೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ವಿಡಿಯೊ ಕ್ಯಾಮೆರಾ ಹಿಡಿದು ಎರಡು ದಶಕಗಳೇ ಕಳೆದಿವೆ. ಹೆಚ್ಚಿನವರಿಗೆ ಓದು ಬರಹ ಬಾರದು. ಆದರೂ ಬಿತ್ತನೆ ಬೀಜದ ಬಗ್ಗೆ, ಸಿರಿಧಾನ್ಯದ ಬಗ್ಗೆ, ಬಿಟಿ ಹತ್ತಿಯಿಂದ ನಷ್ಟ ಅನುಭವಿಸಿದ ರೈತರ ಬಗ್ಗೆ ಅವರು ಚಿತ್ರ ಮಾಡಿದರು. 2011ರ ಜನಗಣತಿಯಂತೆ ಯಾದಗಿರಿಯ ಸಾಕ್ಷರತೆ ಶೇ 52ರಷ್ಟು. ಆಗ ರಾಜ್ಯದಲ್ಲೇ ಅತಿ ಕಡಿಮೆ. ಅಕ್ಷರ ತಲುಪದ ಮನೆಗೂ ಚಿತ್ರ ತಲುಪುತ್ತದೆ ಎಂಬುದಕ್ಕೆ ಪಸ್ತಾಪುರವೇ ಸಾಕ್ಷಿ.

ನೋಡುವ ಜನ ಎಲ್ಲಿದ್ದಾರೆ ಎಂದು ಕೇಳುವವರಿಗೆ ಹೆಗ್ಗೋಡು ಉತ್ತರ ಕೊಟ್ಟು ಅರ್ಧ ಶತಮಾನವಾಯಿತು. ಕೆ.ವಿ. ಸುಬ್ಬಣ್ಣ ಅವರ ನೀನಾಸಮ್ 1973ರಲ್ಲಿ ಚಿತ್ರ ಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಬೆಳೆಗಾರರಿಗೂ ಕೂಲಿಕಾರರಿಗೂ ತೋರಿಸಿತು. ಜನ ನೋಡಿದರು, ಚರ್ಚಿಸಿದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಹಳ್ಳಿಗೆ ನೋಡುವುದೂ ಗೊತ್ತು, ನಟಿಸುವುದೂ ಗೊತ್ತು. ಮಾಡಿಸುವುದೊಂದು ಬಾಕಿ ಇದೆ.

ನಮ್ಮ ಭಾಗಕ್ಕೆ ಇದರ ಅಗತ್ಯ ಇನ್ನೂ ಹೆಚ್ಚು. ಕನ್ನಡ ಸಿನಿಮಾದಲ್ಲಿ ಈ ನೆಲದ ಮಾತು ಬಹುಕಾಲ ನಗೆಪಾಟಲಿನ ಮಾತಾಗಿಯೇ ಬಂದಿದೆ. ಅಳುವುದಕ್ಕೆ, ಪ್ರೀತಿಸುವುದಕ್ಕೆ, ಸಿಟ್ಟಾಗುವುದಕ್ಕೆ ಅದು ಒದಗಿದ್ದು ವಿರಳ. ಗುಳೆ ಹೋದವರ ಬೀಗ ಹಾಕಿದ ಮನೆಗಳು, ಬೆಂಗಳೂರಿನ ಕಟ್ಟಡ ಕೆಲಸದ ನಡುವೆ ಶಾಲೆ ಮರೆತ ಮಕ್ಕಳು, ಮೊಹರಂ ಪದ ಹಾಡುವ ಹಿಂದೂ ಹಾಡುಗಾರರು, ತತ್ವಪದಗಳ ರಾತ್ರಿಗಳು, ಸುರಪುರದ ಚಿತ್ರಕಲೆ – ಇವನ್ನು ಹೊರಗಿನವರು ಬಂದು ಚಿತ್ರಿಸಿದರೆ ಅದು ಸುದ್ದಿಯಾಗುತ್ತದೆ. ಒಳಗಿನವರು ಚಿತ್ರಿಸಿದರೆ ಅದು ನೆನಪಾಗಿ ಉಳಿಯುತ್ತದೆ.

ಹಣದ ಮಾತಿಗೆ ಬರೋಣ. ಒಂದು ಕಿರುಚಿತ್ರಕ್ಕೆ 50 ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ ನಾಲ್ಕು ಚಿತ್ರಗಳಿಗೆ 2 ಲಕ್ಷ ಸಾಕು. ಜಾತ್ರೆಯ ಧ್ವನಿವರ್ಧಕ, ದೀಪಾಲಂಕಾರ, ಪಟಾಕಿಗಳ ಲೆಕ್ಕ ನೋಡಿದವರಿಗೆ ಹಲವು ಊರು ಕೂಡಿದರೆ ಇದು ದೊಡ್ಡ ಮೊತ್ತವೆನಿಸದು. ಜಾತ್ರಾ ಸಮಿತಿಗಳು ಅರ್ಧ ಹೊತ್ತರೆ ಉಳಿದರ್ಧವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಥವಾ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಭರಿಸುವ ದಾರಿ ಹುಡುಕಬಹುದು. ರಸ್ತೆ, ಕಟ್ಟಡಗಳ ಜೊತೆಗೆ ಮನಸ್ಸುಗಳೂ ಅಭಿವೃದ್ಧಿಯ ಲೆಕ್ಕದಲ್ಲಿ ಸೇರಬೇಕು.

ಇಲ್ಲಿ ಒಂದು ಅಪಾಯವೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ದುಡ್ಡು ಕೊಟ್ಟ ಊರು ತನ್ನ ಹೊಗಳಿಕೆಯನ್ನು ಕೇಳಬಹುದು. ಬಾಲ್ಯವಿವಾಹದ ಬಗ್ಗೆ, ಹೋಟೆಲಿನ ಬೇರೆ ಲೋಟದ ಬಗ್ಗೆ ಚಿತ್ರ ಮಾಡಹೊರಟ ಹುಡುಗಿಗೆ ಗೌಡರ ಮುಖ ನೋಡಿ ಕಥೆ ಬದಲಿಸುವ ಪ್ರಸಂಗ ಬರಬಹುದು. ಆದ್ದರಿಂದ ಆಯ್ಕೆಯನ್ನು ಜಾತ್ರಾ ಸಮಿತಿಗೆ ಬಿಡದೆ ಹೊರಗಿನ ಒಬ್ಬ ಚಿತ್ರಕರ್ಮಿ, ಒಬ್ಬ ಶಿಕ್ಷಕಿ, ಒಬ್ಬ ಜನಪದ ಕಲಾವಿದರಿರುವ ಮಂಡಳಿಗೆ ಒಪ್ಪಿಸಬೇಕು. ನಾಲ್ಕರಲ್ಲಿ ಎರಡು ಚಿತ್ರಗಳಾದರೂ ಹೆಣ್ಣುಮಕ್ಕಳ ಕೈಯಿಂದ ಬರಬೇಕು. ಹಣ ಮೂರು ಕಂತುಗಳಲ್ಲಿ ಸಿಗಬೇಕು. ಹಕ್ಕು ನಿರ್ದೇಶಕರಲ್ಲೇ ಉಳಿಯಬೇಕು. ಊರು ಕೇಳಬಹುದಾದ ಷರತ್ತು ಒಂದೇ: ಮೊದಲ ಪ್ರದರ್ಶನ ನಮ್ಮ ಜಾತ್ರೆಯ ಬಯಲಿನಲ್ಲೇ ಆಗಲಿ.

ಚಿತ್ರ ಕೆಟ್ಟದಾಗಿ ಬಂದರೆ? ಬರಬಹುದು. ನಾಟಕದಲ್ಲಿ ಮಾತು ಮರೆತ ದುರ್ಯೋಧನನನ್ನು ಊರು ನಕ್ಕು ಕ್ಷಮಿಸಿ, ಮರುವರ್ಷ ಮತ್ತೆ ಗದೆ ಕೊಟ್ಟು ಅಟ್ಟ ಹತ್ತಿಸಿದೆ. ಕ್ಯಾಮೆರಾ ಹಿಡಿದವರಿಗೂ ಅಷ್ಟೇ ಔದಾರ್ಯ ಸಿಗಲಿ. ರಾತ್ರಿ ನಾಟಕಕ್ಕೆ ಮುನ್ನ ಅರ್ಧ ಗಂಟೆ ಬಿಳಿ ಪರದೆ ಕಟ್ಟಲು ಯಾವ ಊರಿಗೂ ತೊಂದರೆಯಾಗದು.