ಮನೆ ಕೊಳ್ಳುವಾಗ ಯಾವ ವಕೀಲರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಊರಿನದು. ಮುಂಬಯಿಯಲ್ಲಿ ನಾವು ಕಟ್ಟುವುದಿಲ್ಲ, ಕೊಳ್ಳುತ್ತೇವೆ, ಕಷ್ಟವೇನೂ ಕಡಿಮೆಯಲ್ಲ. ಜನ್ಮದ ಗಳಿಕೆಯನ್ನು ಸುರಿಯುವ ಮೊದಲು ಕಾಗದಪತ್ರಗಳನ್ನು ವಕೀಲರಿಗೆ ತೋರಿಸಬೇಕು. ಸ್ಥಳೀಯ ವಕೀಲರಿಗೋ, ಅಂತರ್ಜಾಲದವರಿಗೋ?

ಅಂತರ್ಜಾಲದ ವಕೀಲರು ನೋಂದಣಿ ಇಲಾಖೆಯ ಇಂಡೆಕ್ಸ್-2ನ್ನೂ ಮಹಾರೇರಾದ ವಿವರಗಳನ್ನೂ ಕುಳಿತಲ್ಲಿಯೇ ತೆಗೆದು ನೋಡಬಲ್ಲರು. ಹೊಸ ಕಟ್ಟಡದ ಕರಾರು ಓದಿಸಲು ಅವರಾದೀತು. ಆದರೆ ಹಳೆಯ ಫ್ಲ್ಯಾಟಿನ ಮೂಲಪತ್ರ ಅಡವಿನಲ್ಲಿದೆಯೇ, ತೀರಿಕೊಂಡ ಮಾಲಿಕರ ವಾರಸುದಾರರೆಲ್ಲ ಒಪ್ಪಿದ್ದಾರೆಯೇ, ಸೊಸಾಯಿಟಿಯ ಬಾಕಿಯೆಷ್ಟು, ಒಳಗೆ ವಾಸವಿರುವವರು ಯಾರು? ಇವನ್ನು ತಿಳಿಯಲು ಮೆಟ್ಟಿಲು ಹತ್ತಬೇಕು. ಅದು ಸ್ಥಳೀಯರ ಕೆಲಸ.

ಯಾರೇ ಆಗಲಿ, 30 ವರ್ಷಗಳ ಸರ್ಚ್ ರಿಪೋರ್ಟನ್ನು ಸಹಿಯೊಡನೆ ಕೇಳಿರಿ. ದಲ್ಲಾಳಿಯೋ ಬಿಲ್ಡರನೋ ತೋರಿಸಿದ ವಕೀಲರು ಮಾತ್ರ ಬೇಡ. ಈ ವಿಚಾರಣೆಯೆಲ್ಲ ಮುಂಗಡ ಕೊಡುವ ಮೊದಲೇ ಮುಗಿಯಲಿ. ಕೊಟ್ಟ ಮೇಲೆ ಬಂದ ಬುದ್ಧಿಗೆ ಬೆಲೆ ಹೆಚ್ಚು.