ವ್ಯಾಟ್ ಹೆಚ್ಚಿದ ಮಾತ್ರಕ್ಕೆ ಸ್ವರ ಹಿತವಾಗದು

ದುಬಾರಿ ಬೆಲೆ ತೆತ್ತು 100 ವ್ಯಾಟ್‌ನ ಆಂಪ್ಲಿಫೈಯರ್ ತಂದರೂ ತಂಬೂರದ ನಾದ ತೆಳುವಾಗಿ, ಮೃದಂಗದ ಎಡಗೈ ಪೆಟ್ಟು ಬಡಕಲಾಗಿ ಕೇಳಿಸುವುದುಂಟು. ಅದೇ ಸ್ಪೀಕರ್‌ಗೆ 8 ವ್ಯಾಟ್‌ನ ವಾಲ್ವ್ ಆಂಪ್ಲಿಫೈಯರ್ ಜೋಡಿಸಿದೊಡನೆ ಸಂಗೀತ ಮೈದುಂಬಿಕೊಳ್ಳುತ್ತದೆ. ಫುಲ್‌ರೇಂಜ್ ಸ್ಪೀಕರ್ ಬಳಸುವವರಿಗೆ ಪರಿಚಿತವಾದ ಈ ಸೋಜಿಗದ ಹಿಂದೆ ಪವಾಡವೇನೂ ಇಲ್ಲ.

ಒಂದೇ ಕೋನ್, ಎಲ್ಲ ಸ್ವರ

ಸಾಮಾನ್ಯ ಸ್ಪೀಕರ್ ಪೆಟ್ಟಿಗೆಯಲ್ಲಿ ಮಂದ್ರ ಸ್ವರಗಳಿಗೆ ವೂಫರ್, ತಾರಕ್ಕೆ ಟ್ವೀಟರ್, ಎರಡರ ನಡುವೆ ಸ್ವರ ಹಂಚುವ ಕ್ರಾಸ್‌ಓವರ್ ಇರುತ್ತವೆ. ಫುಲ್‌ರೇಂಜ್‌ನಲ್ಲಿ ಈ ಹಂಚಿಕೆಯೇ ಇಲ್ಲ. ಒಂದೇ ಡ್ರೈವರ್ ಎಲ್ಲವನ್ನೂ ನುಡಿಸಬೇಕು. ಹಿಂದಿನ ವಾಲ್ವ್ ರೇಡಿಯೋಗಳಲ್ಲಿ ಬಹುಮಟ್ಟಿಗೆ ಇದ್ದದ್ದು ಇದೇ ವ್ಯವಸ್ಥೆ. ಬ್ರಿಟನ್ನಿನ ಲೌದರ್, ಜಪಾನಿನ ಫಾಸ್ಟೆಕ್ಸ್ ಈ ಬಗೆಯ ಡ್ರೈವರ್‌ಗಳಿಗೆ ಹೆಸರುವಾಸಿ.

ಮೊದಲ ಲೆಕ್ಕ: ಸಂವೇದನೆ

1 ವ್ಯಾಟ್ ಶಕ್ತಿ ನೀಡಿದಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆ ಎಂಬುದೇ ಸ್ಪೀಕರಿನ ಸಂವೇದನೆ. ಶಕ್ತಿ ಇಮ್ಮಡಿಯಾದರೆ ಶಬ್ದ ಏರುವುದು ಕೇವಲ 3 ಡೆಸಿಬೆಲ್. 96 ಡೆಸಿಬೆಲ್ ಸಂವೇದನೆಯ ಡ್ರೈವರ್ 8 ವ್ಯಾಟ್‌ನಲ್ಲಿ 105 ಡೆಸಿಬೆಲ್ ಮುಟ್ಟುತ್ತದೆ. 87 ಡೆಸಿಬೆಲ್‌ನ ಡ್ರೈವರಿಗೆ ಅದೇ ಮಟ್ಟ ಮುಟ್ಟಲು ಸುಮಾರು 64 ವ್ಯಾಟ್ ಬೇಕು. 300ಬಿ ವಾಲ್ವ್ ಒಂಟಿಯಾಗಿ ದುಡಿದರೆ ಕೊಡುವುದು ಸುಮಾರು 8 ವ್ಯಾಟ್, 2ಎ3 ಕೊಡುವುದು ಸುಮಾರು 3.5 ವ್ಯಾಟ್. ಇವು ಮೊದಲನೆಯದಕ್ಕೆ ಧಾರಾಳ, ಎರಡನೆಯದಕ್ಕೆ ಸಾಲದು.

ಎರಡನೆಯ ಲೆಕ್ಕ: ಕಡಿವಾಣ

ಆದರೆ ನಾದದ ಮೈಕಟ್ಟನ್ನು ನಿರ್ಧರಿಸುವುದು ವ್ಯಾಟ್ ಅಲ್ಲ, ಆಂಪ್ಲಿಫೈಯರಿನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಅದರ ಒಳಗಿನ ವಿದ್ಯುತ್ ತಡೆ. ಕೋನ್ ಅಲುಗಿದಾಗ ಅದರ ಸುರುಳಿ ತಾನೇ ಪುಟ್ಟ ಜನರೇಟರಿನಂತೆ ವರ್ತಿಸುತ್ತದೆ. ಆಂಪ್ಲಿಫೈಯರಿನ ತಡೆ ಕಡಿಮೆಯಿದ್ದರೆ ಆ ವಿದ್ಯುತ್ ಸರಾಗವಾಗಿ ಹರಿದು ಕೋನಿಗೆ ಕಡಿವಾಣ ಬೀಳುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಈ ತಡೆ ಸಾಮಾನ್ಯವಾಗಿ ಒಂದು ಓಮ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಫೀಡ್‌ಬ್ಯಾಕ್ ಇಲ್ಲದ ಒಂಟಿ ಟ್ರಯೋಡ್ ವಾಲ್ವ್‌ನಲ್ಲಿ 2–3 ಓಮ್.

ಬಲವಾದ ಅಯಸ್ಕಾಂತದ ಡ್ರೈವರಿನಲ್ಲಿ ಕಡಿವಾಣ ಮೊದಲೇ ಬಿಗಿಯಾಗಿರುತ್ತದೆ. ಟ್ರಾನ್ಸಿಸ್ಟರ್ ಜತೆಗೂಡಿದರೆ ಮಂದ್ರ ಸೊರಗುತ್ತದೆ. ಟ್ರಯೋಡ್ ಆ ಬಿಗಿಯನ್ನು ಸಡಿಲಿಸುವುದರಿಂದ ಮಂದ್ರ ಚೇತರಿಸಿಕೊಳ್ಳುತ್ತದೆ. ದುರ್ಬಲ ಅಯಸ್ಕಾಂತದ ಡ್ರೈವರಿಗೆ ಇದೇ ಮದ್ದು ಮುಳುವಾಗಿ, ಮಂದ್ರ ಗುಂಯ್‌ಗುಟ್ಟತೊಡಗುತ್ತದೆ. ಅದಕ್ಕೆ ಟ್ರಾನ್ಸಿಸ್ಟರೇ ಸರಿ. ಅಮೆರಿಕದ ವಿನ್ಯಾಸಕಾರ ನೆಲ್ಸನ್ ಪಾಸ್ ಇನ್ನೂ ಮುಂದೆ ಹೋಗಿ, ಟ್ರಾನ್ಸಿಸ್ಟರ್ ಬಳಸಿಯೇ ಅತಿ ಹೆಚ್ಚು ಒಳತಡೆಯ ‘ಫಸ್ಟ್ ವಾಟ್ ಎಫ್1’ ಆಂಪ್ಲಿಫೈಯರನ್ನು ಇಂಥ ಡ್ರೈವರ್‌ಗಳಿಗೆಂದೇ ರೂಪಿಸಿದರು.

ಕೊಳ್ಳುವ ಮುನ್ನ

ಡ್ರೈವರಿನ ವಿವರಪಟ್ಟಿಯಲ್ಲಿ ‘ಕ್ಯೂಟಿಎಸ್’ ಎಂಬ ಅಂಕಿ ಇರುತ್ತದೆ. ಅದು 0.2–0.3ರ ಆಸುಪಾಸಿನಲ್ಲಿದ್ದರೆ ಅಯಸ್ಕಾಂತ ಬಲವಾದದ್ದು, ಟ್ರಯೋಡ್ ಹೊಂದುವ ಸಂಭವ ಹೆಚ್ಚು. 0.5 ದಾಟಿದ್ದರೆ ಟ್ರಾನ್ಸಿಸ್ಟರ್ ಕಡೆಗೆ ನೋಡುವುದು ಲೇಸು. ಪೆಟ್ಟಿಗೆಯ ವಿನ್ಯಾಸಕ್ಕೂ ಇಲ್ಲಿ ಪಾತ್ರವುಂಟು.

ವಾಲ್ವ್‌ಗೆ ಹಣ ಸುರಿಯುವ ಮುನ್ನ ಅಗ್ಗದ ಪರೀಕ್ಷೆಯೊಂದಿದೆ. ಮನೆಯಲ್ಲಿರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಆರಿಸಿ, ಅದಕ್ಕೂ ಪ್ರತಿ ಸ್ಪೀಕರಿಗೂ ನಡುವೆ ಸರಣಿಯಲ್ಲಿ 3 ಓಮ್, 10 ವ್ಯಾಟ್‌ನ ರೆಸಿಸ್ಟರ್ ಜೋಡಿಸಿ ಹದವಾದ ಶಬ್ದದಲ್ಲಿ ಕೇಳಬಹುದು. 8 ಓಮ್ ಸ್ಪೀಕರಿನಲ್ಲಿ ಶಬ್ದ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಅದನ್ನು ಸರಿದೂಗಿಸಿ ಆಲಿಸಿದಾಗ ಮಂದ್ರ ತುಂಬಿಕೊಂಡರೆ ಆ ಸ್ಪೀಕರ್ ಬಯಸುವುದು ಹೆಚ್ಚಿನ ಒಳತಡೆಯನ್ನು. ಗುಂಯ್‌ಗುಟ್ಟಿದರೆ ಅಥವಾ ತಾರ ಕರ್ಕಶವಾದರೆ, ಇರುವ ಆಂಪ್ಲಿಫೈಯರೇ ಸಾಕು.

ವಾಲ್ವ್ ಕೊಂಡವರಿಗೂ ಎಚ್ಚರಿಕೆ ಅಗತ್ಯ. ಅದರೊಳಗೆ ನೂರಾರು ವೋಲ್ಟ್ ವಿದ್ಯುತ್ ಇರುತ್ತದೆ, ಸ್ವಿಚ್ ಆರಿಸಿದ ಬಳಿಕವೂ ಕೆಲಕಾಲ ಉಳಿಯಬಹುದು. ಮುಚ್ಚಳ ತೆರೆಯುವ ಕೆಲಸ ತಂತ್ರಜ್ಞರದೇ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಹಾಳಾದೀತು.